ಸೌಭದ್ರ, ಈ ಸಲ ಬಲರಾಮನ ಕಡೆಯಿಂದ

ಕೋಥ್ರೂಡ್, ಪುಣೆ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಇವತ್ತು ಮತ್ತೆ ಸೌಭದ್ರ ನೋಡಿ ಬಂದೆ ಮಾರಾಯ, ಅದೇ ನಮ್ಮ ಹಳೇ ಮರಾಠಿ ಸಂಗೀತ ನಾಟಕ. ಲೆಕ್ಕ ಹಾಕಿದರೆ ಇದು ಏಳನೇ ಸಲ. ಮೊದಲ ಮೂರು ಸಲ ನೀನೇ ಪಕ್ಕದಲ್ಲಿದ್ದೆ. ಫೋನ್ ಮಾಡೋಣ ಅಂದುಕೊಂಡೆ. ಆದರೆ ಇದರಲ್ಲಿ ಒಂದು ಮಾತು ಫೋನಿನಲ್ಲಿ ನನ್ನ ಬಾಯಿಂದ ಬರುವುದಿಲ್ಲ. ಅದಕ್ಕೇ ಪತ್ರ.

ನಾವು ಸದಾಶಿವ ಪೇಠೆಯ ರೂಮಿನಲ್ಲಿದ್ದಾಗ ನಮಗೆ ಮರಾಠಿ ಎಷ್ಟು ಬರುತ್ತಿತ್ತು ಹೇಳು? ತರಕಾರಿ ಕೊಳ್ಳುವಷ್ಟು. ಆದರೂ ಸಂಗೀತ ನಾಟಕ ಅಂದರೆ ಓಡುತ್ತಿದ್ದೆವು. ಮಾರನೇ ದಿನ ಮನೆ ಮಾಲೀಕಜ್ಜಿ ಚಹಾ ಸೋಸುತ್ತಾ ಹಾಡಿನ ಅರ್ಥ ಬಿಡಿಸಿ ಹೇಳುತ್ತಿದ್ದರು. ನಮಗೆ ಬೇಕಿದ್ದದ್ದು ಹಾಡು ಮಾತ್ರ. ನಾರದ ಬಂದರೆ ನೆಟ್ಟಗೆ ಕೂರುವುದು, ಮಾತು ಶುರುವಾದರೆ ಹೊರಗೆ ಹೋಗಿ ಚಹಾ ಕುಡಿಯುವುದು. ಬಲರಾಮ ಕಾಣಿಸಿಕೊಂಡ ಕೂಡಲೇ ನೀನು ನನ್ನ ಮೊಣಕೈ ತಿವಿದು ಏಳುತ್ತಿದ್ದೆ.

ಇವತ್ತು ಏಳಲಿಲ್ಲ.

ನಾಟಕ ಇದ್ದದ್ದು ಬಾಲಗಂಧರ್ವ ರಂಗಮಂದಿರದಲ್ಲೇ. ವನಾಜ್‌ನಲ್ಲಿ ಮೆಟ್ರೋ ಹತ್ತಿ ಡೆಕ್ಕನ್‌ನಲ್ಲಿ ಇಳಿದು ಜಂಗಲಿ ಮಹಾರಾಜ ರಸ್ತೆ ಹಿಡಿದು ನಡೆದುಕೊಂಡು ಹೋದೆ. ಮಧ್ಯಂತರದ ಬಟಾಟೆವಡೆ ಹಾಗೇ ಇದೆ, ಬೆಲೆ ಮಾತ್ರ ಹಾಗಿಲ್ಲ. ಪ್ರೇಕ್ಷಕರಲ್ಲಿ ಮುಕ್ಕಾಲು ಪಾಲು ಬಿಳಿ ತಲೆ. ಮೊದಲೆಲ್ಲ ಅದನ್ನು ನೋಡಿ ನಗುತ್ತಿದ್ದೆವು, ಈಗ ನಾನೂ ಆ ಮುಕ್ಕಾಲಿನಲ್ಲೇ ಸೇರಿದ್ದೇನೆ. ಮೈಕು ಎರಡು ಸಲ ಕೀರಲು ಹಾಕಿತು. ಅರ್ಜುನನ ಪಾತ್ರದವನ ಗಂಟಲು ಕಟ್ಟಿತ್ತು, ಪಾಪ, ಮೇಲಿನ ಸ್ವರಗಳನ್ನು ಮುಟ್ಟಿದ ಹಾಗೆ ಮಾಡಿ ಬಿಟ್ಟುಬಿಡುತ್ತಿದ್ದ. ಇಪ್ಪತ್ತೈದನೇ ವಯಸ್ಸಿನಲ್ಲಿ ಇಷ್ಟು ಸಾಕಿತ್ತು ನಮಗೆ, ದುಡ್ಡು ಹಾಳಾಯಿತು ಅಂತ ಬೈದುಕೊಂಡು ಬರಲಿಕ್ಕೆ.

ನನಗೆ ಸಿಕ್ಕಿದ್ದು ಮುಂದಿನಿಂದ ಎರಡನೇ ಸಾಲು, ಬದಿಯ ಸೀಟು. ಅಲ್ಲಿಂದ ಆರ್ಗನ್ ನುಡಿಸುವವರ ಕಾಲು ಕಾಣುತ್ತದೆ. ಚಪ್ಪಲಿ ಬಿಚ್ಚಿಟ್ಟು ಪೆಡಲ್ ತುಳಿಯುತ್ತಿದ್ದರು. ಹೆಬ್ಬೆರಳಿನ ಹತ್ತಿರ ಕಾಲುಚೀಲ ತೂತಾಗಿತ್ತು. ಅರ್ಜುನನ ದನಿ ಜಾರುತ್ತದೆ ಅನ್ನುವಾಗ ಆ ಕಾಲು ಸ್ವಲ್ಪ ಜೋರಾಗುತ್ತಿತ್ತು, ಸ್ವರ ತುಂಬಿಕೊಳ್ಳುತ್ತಿತ್ತು, ಅವನು ಅದರ ಮೇಲೆ ಭಾರ ಹಾಕಿ ದಾಟಿಕೊಳ್ಳುತ್ತಿದ್ದ. ಇಷ್ಟು ವರ್ಷ ಆರ್ಗನ್ ಅಂದರೆ ಹಿನ್ನೆಲೆ ಅಂದುಕೊಂಡಿದ್ದೆನಲ್ಲ! ಕೈ ಹಿಡಿದು ಹೊಳೆ ದಾಟಿಸುವ ಕೆಲಸ ಅದು. ನಮ್ಮ ಕಡೆ ಯಕ್ಷಗಾನದಲ್ಲಿ ಹೊಸ ವೇಷಧಾರಿ ತಡವರಿಸಿದರೆ ಭಾಗವತರು ಪದವನ್ನು ಒಂದು ಆವರ್ತ ಎಳೆದು ಕಾಯುತ್ತಾರಲ್ಲ, ಥೇಟ್ ಹಾಗೇ.

ಭಾಗವತರ ಮಾತು ಬಂತು ನೋಡು, ನಮ್ಮೂರ ಹೆಮ್ಮೆಯನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತರ ಮೇಳ 1842ರಲ್ಲಿ ಸಾಂಗ್ಲಿಗೆ ಹೋಗಿ ಆಟ ಆಡಿತ್ತು. ಅದನ್ನು ನೋಡಿದ ಸಾಂಗ್ಲಿಯ ರಾಜರು ಮರಾಠಿಯಲ್ಲೂ ಇಂಥದ್ದೊಂದು ಮಾಡು ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆಯವರ ಸೀತಾ ಸ್ವಯಂವರ ಆಯಿತು. ಅದರಲ್ಲಿ ಹಾಡೆಲ್ಲ ಸೂತ್ರಧಾರನದ್ದೇ. ಅಂದರೆ ನಮ್ಮ ಭಾಗವತರ ಗಾದಿ. ಆ ಹಾಡನ್ನು ತೆಗೆದು ಪಾತ್ರಗಳ ಬಾಯಿಗೇ ಕೊಟ್ಟವರು ಅಣ್ಣಾಸಾಹೇಬ ಕಿರ್ಲೋಸ್ಕರ್. ಅವರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ಹುಟ್ಟಿದ್ದು ಆ 1843ರಲ್ಲೇ. 1880ರಲ್ಲಿ ಇದೇ ಪುಣೆಯಲ್ಲಿ ಶಾಕುಂತಲ, 1882ರಲ್ಲಿ ಸೌಭದ್ರ. 1885ರಲ್ಲಿ ತೀರಿಕೊಂಡರು, ನಲವತ್ತೆರಡು ವರ್ಷ ಅಷ್ಟೇ. ಪಕ್ಕದಲ್ಲಿದ್ದ ಕಾಕಾ ಒಬ್ಬರಿಗೆ ಮಧ್ಯಂತರದಲ್ಲಿ ಇದನ್ನು ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಗೊತ್ತಿದೆ, ವಡೆ ತಿನ್ನಿ, ಆರುತ್ತದೆ" ಅಂದರು.

ಹಾಡು ಪಾತ್ರದ ಬಾಯಿಗೆ ಬಂದರೆ ಏನಾಗುತ್ತದೆ ಅನ್ನುವುದು ನನಗೆ ಇವತ್ತು ಗೊತ್ತಾಗಿದ್ದು 'ಪ್ರಿಯೇ ಪಹಾ'ದಲ್ಲಿ. ಛೋಟಾ ಗಂಧರ್ವರ ದನಿಯಲ್ಲಿ ಆ ಕ್ಯಾಸೆಟ್ಟು ತಿರುಗಿ ತಿರುಗಿ ಸವೆದು ಹೋಗಿತ್ತು ನಮ್ಮ ರೂಮಿನಲ್ಲಿ. ರಾತ್ರಿ ಕಳೆದು ಬೆಳಗಾಗುತ್ತಿದೆ ನೋಡು ಅಂತ ಕೃಷ್ಣ ರುಕ್ಮಿಣಿಗೆ ಹೇಳುವುದು. ನನ್ನ ಪಾಲಿಗೆ ಅದು ಕೃಷ್ಣನ ಹಾಡು. ಅವನು ಹಾಡುವಾಗ ಆಕೆ ಏನು ಮಾಡುತ್ತಾಳೆ ಅಂತ ಹಿಂದಿನ ಆರು ಸಲದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಇವತ್ತಿನ ರುಕ್ಮಿಣಿಗೆ ನಲವತ್ತು ದಾಟಿರಬೇಕು. ಸೆರಗಿನ ಅಂಚಿನಲ್ಲಿ ಒಂದು ಎಳೆ ಎದ್ದಿತ್ತು, ಅದನ್ನೇ ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಜನ ವನ್ಸ್ ಮೋರ್ ಅಂದರು, ಕೃಷ್ಣ ಮತ್ತೆ ಮೊದಲಿಂದ ಎತ್ತಿಕೊಂಡ. ಈ ಸಲ ಅವಳ ಮುಡಿಯಿಂದ ಒಂದು ಹೂವು ಕೆಳಗೆ ಬಿತ್ತು. ಅವನು ಆಲಾಪ ನಿಲ್ಲಿಸದೆ ಬಗ್ಗಿ ಎತ್ತಿ ತನ್ನ ಶಲ್ಯದ ಮಡಿಕೆಯಲ್ಲಿ ಸೇರಿಸಿಕೊಂಡ. ನಿರ್ದೇಶಕರು ಹೇಳಿಕೊಟ್ಟದ್ದಂತೂ ಅಲ್ಲ, ಯಾಕೆಂದರೆ ರುಕ್ಮಿಣಿಗೆ ನಿಜಕ್ಕೂ ನಗು ಬಂದು ಮುಖ ಆ ಕಡೆ ತಿರುಗಿಸಿದಳು. ಬರೀ ಕ್ಯಾಸೆಟ್ಟು ಕೇಳಿಕೊಂಡಿದ್ದರೆ ಇದೆಲ್ಲಿ ಸಿಗುತ್ತಿತ್ತು?

ಈಗ ಬಲರಾಮನ ವಿಷಯ.

ಕತೆ ನಿನಗೆ ಹೇಳಬೇಕಾಗಿಲ್ಲ. ತಂಗಿ ಸುಭದ್ರೆಯನ್ನು ದುರ್ಯೋಧನನಿಗೆ ಕೊಡುವುದೆಂದು ಅಣ್ಣ ನಿಶ್ಚಯ ಮಾಡಿಬಿಟ್ಟಿದ್ದಾನೆ. ಅವಳ ಮನಸ್ಸು ಅರ್ಜುನನ ಮೇಲೆ. ಕೃಷ್ಣನಿಗೆ ಅದು ಗೊತ್ತು, ಆದರೆ ಅಣ್ಣನ ಎದುರು ಬಾಯಿ ಬಿಡುವುದಿಲ್ಲ. ಜಗಳವಿಲ್ಲ, ವಾದವಿಲ್ಲ. ಹೂಂ ಅನ್ನುತ್ತಲೇ ಒಳಗೊಳಗೆ ಕೆಲಸ ನಡೆಸುತ್ತಾನೆ. ಕೊನೆಗೆ ಅರ್ಜುನ ಸನ್ಯಾಸಿ ವೇಷದಲ್ಲಿ ಬಂದಾಗ, ಮಹಾತ್ಮರ ಸೇವೆ ಮಾಡು ಅಂತ ತಂಗಿಯನ್ನು ಕಳಿಸುವವನು ಸ್ವತಃ ಬಲರಾಮನೇ! ಸುಭದ್ರಾ ಕಲ್ಯಾಣದ ಆಟದಲ್ಲಿ ಈ ಕಪಟ ಸನ್ಯಾಸಿಗೆ ನಾವು ಎಷ್ಟು ನಗುತ್ತಿದ್ದೆವು, ಅಲ್ವಾ.

ಇವತ್ತು ಸಭೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ನಾನೂ ನಕ್ಕೆ. ಆಮೇಲೆ ನೋಡಿದರೆ, ಬಲರಾಮನ ಪಾತ್ರದವನು ತಮಾಷೆ ಮಾಡುತ್ತಲೇ ಇರಲಿಲ್ಲ. ದಪ್ಪ ಮೀಸೆ ಅಂಟಿಸಿಕೊಂಡಿದ್ದ, ಒಂದು ತುದಿ ಬೆವರಿಗೆ ಬಿಚ್ಚಿಕೊಂಡಿತ್ತು, ಆದರೂ ಅವನ ದನಿಯಲ್ಲಿ ಎಷ್ಟು ಕಾಳಜಿ! ಮನೆಗೆ ಒಳ್ಳೆಯದಾಗಬೇಕು, ತಂಗಿ ದೊಡ್ಡ ಮನೆ ಸೇರಬೇಕು, ಇಷ್ಟೇ ಅವನ ತಲೆಯಲ್ಲಿ. ಅವಳನ್ನು ಒಂದು ಮಾತು ಕೇಳಬೇಕು ಅನ್ನುವುದು ಮಾತ್ರ ಅವನಿಗೆ ಹೊಳೆದೇ ಇಲ್ಲ. ನಾನು ಚಹಾ ಕುಡಿಯಲು ಎದ್ದು ಹೋಗುತ್ತಿದ್ದದ್ದು ಈ ಮಾತುಗಳನ್ನು ಬಿಟ್ಟು.

ಇಪ್ಪತ್ತೆರಡು ವರ್ಷದ ಹಿಂದೆ ನಾನು ಕುಮಟೆಯ ಬ್ಯಾಂಕ್ ಹುಡುಗನ ಮನೆಯವರಿಗೆ ಮಾತು ಕೊಟ್ಟು ಬಂದದ್ದು ನಿನಗೆ ನೆನಪಿದೆಯಲ್ಲ. ಪುಣೆಗೆ ವಾಪಸು ಬಂದು ನಿನಗೆ ಪೇಢೆ ಕೊಟ್ಟೆ. ನೀನು ಪೇಢೆ ತಿಂದು "ಒಳ್ಳೇದಾಯ್ತು" ಅಂದೆ. ತಂಗಿಯನ್ನು ಕೇಳಿದೆಯಾ ಅಂತ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ತಿಂಗಳಿಗೆ ಅವಳು ಹುಬ್ಬಳ್ಳಿಯಲ್ಲಿ ರಿಜಿಸ್ಟರ್ ಮದುವೆ ಆದಳು. ನಾನು ವರ್ಷವಿಡೀ ಅವಳ ಹತ್ತಿರ ಮಾತಾಡಲಿಲ್ಲ. ಭಾವ ಎಂಥಾ ಮನುಷ್ಯ ಅಂತ ಈಗ ಎಲ್ಲರಿಗೂ ಗೊತ್ತು, ಅಪ್ಪನ ಆಪರೇಷನ್ ಹೊತ್ತಿಗೆ ಹದಿನೈದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದ್ದು ಅವನೇ, ನಾನಲ್ಲ. ಅದು ಬಿಡು.

ನಾಟಕ ಮುಗಿದ ಮೇಲೆ ಹೊರಗೆ ನಿಂತು ತಂಗಿಗೆ ಫೋನ್ ಮಾಡಿದೆ. ಸೌಭದ್ರ ನೋಡಿದೆ ಅಂದೆ. "ಮತ್ತಾ? ಎಷ್ಟು ಸಲ ನೋಡ್ತೀಯೋ" ಅಂದಳು. ಸುಮ್ನೆ ಹಾಗೇ, ಅವತ್ತು ಸಾಕ್ಷಿ ಹಾಕಿದವರು ಯಾರು ಅಂತ ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ ನೋಡು. ಮೂರು ಸಹಿ ಬೇಕಾಗಿತ್ತಂತೆ. ಎರಡು ಹೆಸರು ಹೇಳಿದಳು. ಮೂರನೆಯದು ಕೇಳಿದ್ದಕ್ಕೆ ಕುಕ್ಕರ್ ಕೂಗುತ್ತಿದೆ ಅಂತ ಫೋನ್ ಇಟ್ಟಳು.

ಆ ವಾರ ನೀನು ಮಾವನ ಮನೆ ಗೃಹಪ್ರವೇಶ ಅಂತ ಹುಬ್ಬಳ್ಳಿಗೆ ಹೋಗಿದ್ದೆ. ಆ ಮನೆಯನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಬರುವ ತಿಂಗಳು ಊರಿಗೆ ಹೋಗುವಾಗ ಹುಬ್ಬಳ್ಳಿಯಲ್ಲಿ ಇಳಿಯುತ್ತೇನೆ. ತೋರಿಸು.

ನಿನ್ನ,
ಬಲರಾಮ