ಒಂದೇ ಮನೆ, ಎರಡು ಒಲೆ

ಮಾನ್ಯರೇ,

ಮೊನ್ನೆ ಶಿರಸಿ ಪೇಟೆಯಲ್ಲಿ ಒಬ್ಬರು, ‘ಹಿಂದಿನವರು ಜಾಣರು, ಎರಡು ಮೂರು ಮದುವೆ ಆಗ್ತಿದ್ರು, ತೋಟದ ಕೆಲಸಕ್ಕೆ ಜನ ಜಾಸ್ತಿ ಸಿಗ್ತಿದ್ರು’ ಎಂದರು. ಸುತ್ತ ಇದ್ದವರು ತಲೆಯಾಡಿಸಿದರು. ನನಗೆ ತುಂಬಾ ಬೇಸರವಾಯಿತು.

ನನ್ನ ಅಜ್ಜನಿಗೆ ಇಬ್ಬರು ಹೆಂಡತಿಯರು. ಒಂದೇ ಮನೆ, ಎರಡು ಒಲೆ. ದೊಡ್ಡಜ್ಜಿ ಬಸಿದ ಗಂಜಿ ಸಣ್ಣಜ್ಜಿಯ ಮಕ್ಕಳಿಗೆ ಸಿಗುತ್ತಿರಲಿಲ್ಲ. ಅಡಿಕೆ ದುಡ್ಡು ಬಂದ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ ಎಂದು ಆಯಿ ಹೇಳುತ್ತಿದ್ದಳು. ಯಾವ ಒಲೆಯ ಕಡೆ ಊಟಕ್ಕೆ ಹೋಗಬೇಕೆಂದು ತಿಳಿಯದೆ ಅಜ್ಜ ಜಗಲಿಯಲ್ಲೇ ಎಲೆಯಡಿಕೆಯ ಕವಳ ಹಾಕುತ್ತಾ ಕೂತಿರುತ್ತಿದ್ದನಂತೆ. ಇದು ಜಾಣತನವಾ? ಯಕ್ಷಗಾನದ ಆಟದಲ್ಲಿ ದಶರಥನ ಪಾಡು ನೋಡಿಯೇ ಬೆಳೆದವರಲ್ವಾ ನಾವು!

ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಹಿಂದೂಗಳ ಎರಡನೇ ಮದುವೆಗೆ 1946ರಲ್ಲೇ ಅಲ್ಲಿ ಕಾಯ್ದೆ ತಡೆ ಹಾಕಿತು. 1955ರ ಹಿಂದೂ ವಿವಾಹ ಕಾಯ್ದೆ ಬಂದದ್ದು ಆಮೇಲೆ. ಈಗ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ 7 ವರ್ಷದವರೆಗೆ ಜೈಲು. ಆದರೂ ಗುಟ್ಟಾಗಿ ಮದುವೆ ನಡೆದರೆ ಜಾಸ್ತಿ ಪೆಟ್ಟು ಬೀಳುವುದು ಎರಡನೆಯವಳಿಗೆ. ಹಿಂದೂ ಕಾಯ್ದೆಯಲ್ಲಿ ಆ ಮದುವೆಯೇ ಸಿಂಧುವಲ್ಲ. ಹೆಂಡತಿ ಎಂದು ಗಂಡನ ಆಸ್ತಿಯಲ್ಲಿ ಪಾಲು ಕೇಳಲು ಆಗುವುದಿಲ್ಲ. ಮಕ್ಕಳಿಗಾದರೂ ತಂದೆಯ ಆಸ್ತಿಯಲ್ಲಿ ಹಕ್ಕಿದೆ, ಅಷ್ಟೇ ಸಮಾಧಾನ.

ಹಿಂದಿನವರನ್ನು ಹೊಗಳುವ ಮೊದಲು ಆ ಮನೆಯ ಹೆಂಗಸರನ್ನು ಕೇಳಬೇಕಿತ್ತು. ಸಣ್ಣಜ್ಜಿ ನಮ್ಮ ಮನೆಗೆ ಬಂದಾಗ ಅವಳಿಗೆ 14 ವರ್ಷ. ಯಾರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ.

– ಓದುಗ, ಶಿರಸಿ