ಎಂಟು, ಒಂಬತ್ತನೆಯ ತರಗತಿಗಳ ಪೋಷಕರಿಗೆ: ಶನಿವಾರದ ಚಿತ್ರಪ್ರದರ್ಶನದ ಕುರಿತು

ಮಾನ್ಯ ಪೋಷಕರೇ,

ಬರುವ ಶನಿವಾರ ಬೆಳಗಿನ ತರಗತಿಗಳು ಮುಗಿದ ಮೇಲೆ ಶಾಲೆಯ ಸಭಾಂಗಣದಲ್ಲಿ ‘ಇನ್‌ಸೈಡ್ ಔಟ್ 2’ ಎಂಬ ಆ್ಯನಿಮೇಷನ್ ಚಿತ್ರವನ್ನು ತೋರಿಸುತ್ತಿದ್ದೇವೆ. ಮಕ್ಕಳೊಂದಿಗೆ ನೀವೂ ಬರಬೇಕೆಂದು ಕೋರುತ್ತೇನೆ. ಕಾರ್ಟೂನ್ ನೋಡುವುದಕ್ಕೆ ನಾವೇಕೆ ಎಂದು ಕೆಲವರಿಗೆ ಅನ್ನಿಸೀತು. ಈ ಪತ್ರ ಬರೆಯುತ್ತಿರುವುದು ಅವರಿಗಾಗಿಯೇ.

2015ರ ಮೊದಲ ಚಿತ್ರದಲ್ಲಿ ರೈಲಿ ಎಂಬ ಹುಡುಗಿಗೆ 11 ವರ್ಷ. ಅವಳ ತಲೆಯೊಳಗೆ ಸಂತೋಷ, ದುಃಖ, ಕೋಪ, ಭಯ, ಅಸಹ್ಯ ಎಂಬ ಭಾವಗಳೇ ಪಾತ್ರಗಳು. 2024ರಲ್ಲಿ ಕೆಲ್ಸಿ ಮ್ಯಾನ್ ನಿರ್ದೇಶಿಸಿದ ಎರಡನೆಯ ಭಾಗದಲ್ಲಿ ಅವಳಿಗೆ 13 ತುಂಬಿದೆ. ಆತಂಕ, ಅಸೂಯೆ, ಮುಜುಗರ, ಬೇಸರ ಎಂಬ ಹೊಸಬರು ಒಳಗೆ ಬಂದು ಕೂರುತ್ತಾರೆ.

ನೋಡಿದವರೆಲ್ಲ ಆತಂಕದ ಮೇಲೆ ಬೆರಳು ತೋರಿಸುತ್ತಾರೆ. ನೀವು ಸಂತೋಷದ ಮೇಲೆ ಒಂದು ಕಣ್ಣಿಡಿ. ರೈಲಿಗೆ ನೋವು ತಂದ, ನಾಚಿಕೆ ತಂದ ನೆನಪುಗಳನ್ನೆಲ್ಲ ಮನಸ್ಸಿನ ಹಿಂದಿನ ಮೂಲೆಗೆ ಎಸೆದು, ‘ನಾನು ಒಳ್ಳೆಯವಳು’ ಎಂಬ ನಂಬಿಕೆಯೊಂದನ್ನೇ ಬೆಳೆಸುವವಳು ಅವಳು. ಪ್ರೀತಿಯಿಂದಲೇ ಮಾಡುತ್ತಾಳೆ, ನಿಜ. ಕಡಿಮೆ ಅಂಕ ಬಂದಾಗ, ಗೆಳತಿ ಮಾತು ಬಿಟ್ಟಾಗ ‘ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ’ ಎಂದು ಮನೆಯಲ್ಲಿ ನಾವು ಹೇಳುವುದೂ ಪ್ರೀತಿಯಿಂದಲೇ.

ಆಪ್ತ ಗೆಳತಿಯರಿಬ್ಬರೂ ಬೇರೆ ಶಾಲೆಗೆ ಹೋಗುತ್ತಾರೆಂದು ತಿಳಿದಾಗ ರೈಲಿ ಅಲುಗಾಡುವುದು ನೋವಿನ ನೆನಪುಗಳನ್ನೆಲ್ಲ ಹೀಗೆ ದೂರವಿಟ್ಟ ಕಾರಣಕ್ಕೇ. ಐಸ್ ಹಾಕಿ (ಮಂಜುಗಡ್ಡೆಯ ಮೇಲೆ ಆಡುವ ಹಾಕಿ) ಆಟದ ಶಿಬಿರದಲ್ಲಿ ದೊಡ್ಡ ಹುಡುಗಿಯರ ಮೆಚ್ಚುಗೆಗಾಗಿ ಹಳೆಯ ಗೆಳತಿಯರನ್ನು ಬಿಟ್ಟುಕೊಡುತ್ತಾಳೆ, ಕದ್ದುಮುಚ್ಚಿ ತರಬೇತುದಾರರ ಟಿಪ್ಪಣಿ ಪುಸ್ತಕ ಓದುತ್ತಾಳೆ. ರಾತ್ರಿ ಆತಂಕವು ನಾಳೆ ಏನೇನು ಕೆಡಬಹುದೆಂಬ ಚಿತ್ರಗಳನ್ನು ಸಾಲುಸಾಲಾಗಿ ಬರೆಸುತ್ತದೆ. ಕೊನೆಗೆ ‘ನಾನು ಯಾವುದಕ್ಕೂ ಸಾಲದವಳು’ ಎಂಬುದೇ ಬೇರೂರುತ್ತದೆ. ಆಟದ ನಡುವೆ, ತಪ್ಪಾಡಿದವರನ್ನು ಸ್ವಲ್ಪ ಹೊತ್ತು ಕೂರಿಸುವ ದಂಡದ ಆವರಣದಲ್ಲಿ ಕುಳಿತ ಅವಳಿಗೆ ಉಸಿರು ಕಟ್ಟುವ ದೃಶ್ಯ ಚಿತ್ರದ ಜೀವಾಳ. ಆಗ ಸಂತೋಷ ತಾನು ಕಟ್ಟಿದ್ದ ಆ ಹಳೆಯ ನಂಬಿಕೆಯನ್ನೂ ತನ್ನ ಕೈಯಾರೆ ತೆಗೆದಿಡುತ್ತಾಳೆ. ಸ್ವಾರ್ಥಿ, ಕರುಣಾಳು, ಧೈರ್ಯವಂತೆ, ಅಂಜುಬುರುಕಿ ಎಲ್ಲವೂ ಆಗಿರುವ ಒಬ್ಬ ರೈಲಿಯನ್ನು ಒಪ್ಪಿಕೊಳ್ಳುತ್ತಾಳೆ. ಮುಂದುವರಿದ ಭಾಗಗಳು ಸಾಮಾನ್ಯವಾಗಿ ಹಳೆಯದನ್ನೇ ಜೋರಾಗಿ ಹೇಳುತ್ತವೆ. ಇದು ಮೊದಲ ಚಿತ್ರದ ನಾಯಕಿಯಾದ ಸಂತೋಷವನ್ನೇ ಪ್ರಶ್ನಿಸುತ್ತದೆ. (ನಡುವಿನ ಹಾಸ್ಯ ಸ್ವಲ್ಪ ಎಳೆದಂತಿದೆ. ಮಕ್ಕಳು ಒಪ್ಪಲಾರರು.)

ಪರೀಕ್ಷೆಯ ದಿನಗಳಲ್ಲಿ ನಿಮ್ಮ ಮಗುವಿಗೂ ಹೀಗೆ ಉಸಿರು ಹಿಡಿದಂತಾಗುವುದಿದ್ದರೆ ತರಗತಿ ಶಿಕ್ಷಕರಿಗೆ ಮೊದಲೇ ತಿಳಿಸಿ. ಬಾಗಿಲ ಹತ್ತಿರ, ನಿಮ್ಮ ಪಕ್ಕದಲ್ಲೇ ಕೂರಿಸುತ್ತೇವೆ. ಚಿತ್ರ ನೋಡಿದ ಮೇಲೆ ಶಾಲೆಯಲ್ಲಿ ಪ್ರಬಂಧ ಬರೆಸುವುದಿಲ್ಲ. ನೀವೂ ದಾರಿಯಲ್ಲಿ ‘ಏನು ಕಲಿತೆ’ ಎಂದು ಕೇಳಬೇಡಿ. ಅವರಾಗಿ ಏನಾದರೂ ಹೇಳಿದರೆ ಮಾತ್ರ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ.

ಬರುವವರು ಗುರುವಾರದೊಳಗೆ ದಿನಚರಿ ಪುಸ್ತಕದಲ್ಲಿ ಸಹಿ ಮಾಡಿ ಕಳುಹಿಸಿ.

ಇಂತಿ,
ಮುಖ್ಯೋಪಾಧ್ಯಾಯಿನಿ