ಪ್ರೀತಿಯ ಹತ್ತೂಕಾಲು, ಇದನ್ನು ಅಣ್ಣನಿಗೆ ತೋರಿಸಬೇಡ

ಹಾಸನ
ಹಾಸನಾಂಬೆಯ ಬಾಗಿಲು ಮುಚ್ಚಿದ ಮೂರನೆಯ ದಿನ

ಪ್ರೀತಿಯ ಹತ್ತೂಕಾಲು,

ನಿನಗೊಬ್ಬನಿಗೇ ಕಳಿಸಿದ ಪತ್ರವನ್ನು ನೀನು ಓದುವುದಿಲ್ಲ ಎಂಬುದು ನನ್ನ ಇಪ್ಪತ್ತೆರಡು ವರ್ಷಗಳ ಅನುಭವ. ನಾಲ್ಕು ಜನರ ಮುಂದೆ ಇಟ್ಟರೆ ಯಾರಾದರೊಬ್ಬರು ಫೋನ್ ಮಾಡಿ "ನಿನ್ನ ಬಗ್ಗೆ ಏನೋ ಬರೆದಿದ್ದಾನೆ ನೋಡು" ಎನ್ನುತ್ತಾರೆ, ಆಗ ಓದುತ್ತೀಯ. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ. ಉಳಿದವರು ಓದಿಕೊಳ್ಳಲಿ, ಅಡ್ಡಿಯಿಲ್ಲ. ಅರಸೀಕೆರೆಯ ತೆಂಗಿನಕಾಯಿ ಪ್ರಕರಣ ಏನೆಂದು ಮಾತ್ರ ಯಾರೂ ಕೇಳಬಾರದು.

ಜಾತ್ರೆ ಮುಗಿಯಿತು, ಊರು ಸ್ವಲ್ಪ ಉಸಿರಾಡುತ್ತಿದೆ. ಈ ಸಲವೂ ನನ್ನ ಅಂಗಡಿಯಲ್ಲಿ ನೋವಿನ ಮುಲಾಮು ಖಾಲಿಯಾಯಿತು. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ದರ್ಶನ ಮಾಡಿದವರು ನೇರವಾಗಿ ಬಂದು "ಮಂಡಿಗೆ ಏನಾದರೂ ಕೊಡಿ" ಎನ್ನುತ್ತಾರೆ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ದೇವಿಯ ಹತ್ತಿರ ಮಂಡಿನೋವಿನಂಥ ಚಿಲ್ಲರೆ ವಿಷಯ ಎತ್ತಬಾರದು ಎಂಬ ಲೆಕ್ಕವೋ ಏನೋ. ದೇವರಿಗೊಂದು ಖಾತೆ, ಔಷಧಿ ಅಂಗಡಿಗೊಂದು ಖಾತೆ. ಈ ವಿಷಯದಲ್ಲಿ ನಮ್ಮೂರಿನವರು ನನಗಿಂತ ಬುದ್ಧಿವಂತರು.

ಈಗ ನಿನ್ನ ಸಂದೇಶಕ್ಕೆ ಬರುತ್ತೇನೆ. "ಅಣ್ಣನಿಗೆ ಡಯಾಲಿಸಿಸ್ ವಾರಕ್ಕೆ ಮೂರಾಯಿತು. ನಿಮ್ಮ ಯೇಸುವಿನ ಹತ್ತಿರ ಒಂದು ಮಾತು ಹೇಳಿಡು. ಅಂದ ಹಾಗೆ, ಪ್ರಾರ್ಥನೆಯಿಂದ ನಿಜವಾಗಿಯೂ ವಾಸಿಯಾಗುತ್ತದೆಯೇನೋ?" ಪಿಯುಸಿಯಲ್ಲಿ ನನ್ನನ್ನು ಸ್ತೋತ್ರ ಎಂದು ಕರೆಯುತ್ತಿದ್ದವನು ನೀನು. ನಿನ್ನಿಂದ ಈ ಪ್ರಶ್ನೆ ಬಂತೆಂದರೆ ಅಣ್ಣನ ಸ್ಥಿತಿ ಚೆನ್ನಾಗಿಲ್ಲ ಎಂದು ಅಲ್ಲೇ ಅರ್ಥವಾಯಿತು. ತಕ್ಷಣ "ಖಂಡಿತ" ಎಂದು ಬರೆದು ಕೈಮುಗಿದ ಚಿತ್ರ ಹಾಕಿ ಕಳಿಸಿದೆ. ನಾಲ್ಕು ಸೆಕೆಂಡು ಹಿಡಿದಿರಬಹುದು. ನಾಲ್ಕು ಸೆಕೆಂಡಿನಲ್ಲಿ ಶಿಲುಬೆಯ ಗುರುತು ಹಾಕುವುದೂ ಕಷ್ಟ.

ನನಗೆ ಇದು ಅಭ್ಯಾಸವಾಗಿಬಿಟ್ಟಿದೆ ಮಾರಾಯ. ಗಲ್ಲಾದ ಮೇಲೆ ಶಿಲುಬೆ ತೂಗುಹಾಕಿರುವುದರಿಂದ, ಚೀಟಿ ಹಿಡಿದು ಬಂದವರಲ್ಲಿ ಹತ್ತಕ್ಕೆ ಇಬ್ಬರು ಮಾತ್ರೆಯ ಜೊತೆಗೆ ಪ್ರಾರ್ಥನೆಯನ್ನೂ ಕೇಳುತ್ತಾರೆ. ನಾನು "ಆಯಿತು" ಎನ್ನುತ್ತೇನೆ. ಬಿಲ್ಲಿನಲ್ಲಿ ಬರೆಯದ ವಸ್ತು, ಹಾಗಾಗಿ ಕೊಟ್ಟೆನೋ ಇಲ್ಲವೋ ಎಂದು ಯಾರೂ ತಾಳೆ ನೋಡುವುದಿಲ್ಲ.

ನಮ್ಮ ಲಾಗರಿದಮ್ ಮೇಷ್ಟ್ರು ನೆನಪಿದ್ದಾರಲ್ಲ? ಹೋದ ವರ್ಷ ಮೈಸೂರಿನಲ್ಲಿ ಅವರಿಗೆ ಬೈಪಾಸ್ ಆಯಿತು. ಹೋಗುವ ಹಿಂದಿನ ದಿನ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು, "ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರಂತೆ. ಆ ಹೊತ್ತಿಗೆ ನೀನೊಂದು ಪ್ರಾರ್ಥನೆ ಮಾಡಪ್ಪ" ಎಂದರು. ಸಮಯ ಸಮೇತ ಹೇಳಿದ್ದರು, ಗಣಿತದ ಮೇಷ್ಟ್ರು ನೋಡು. ನಾನು ಆಯಿತು ಸರ್ ಎಂದೆ. ಅಷ್ಟರಲ್ಲಿ ಯಾರೋ ಮಗುವಿನ ಕೆಮ್ಮಿನ ಸಿರಪ್ ಕೇಳಿಕೊಂಡು ಬಂದರು. ಶುಕ್ರವಾರ ಎಂಟು ಗಂಟೆಗೆ ನಾನು ಬಸ್ ನಿಲ್ದಾಣದ ಹತ್ತಿರ ಇಡ್ಲಿ ತಿನ್ನುತ್ತಿದ್ದೆ. ಮೇಷ್ಟ್ರ ನೆನಪು ಎಳ್ಳಷ್ಟೂ ಇರಲಿಲ್ಲ.

ಏಳು ವಾರದ ಮೇಲೆ ಬಂದರು. ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಚೀಲದಿಂದ ಕೋಡುಬಳೆಯ ಡಬ್ಬಿ ತೆಗೆದು ಗಲ್ಲಾದ ಮೇಲಿಟ್ಟು, "ಒಳಗೆ ತಳ್ಳಿಕೊಂಡು ಹೋಗುವಾಗ ಗಡಿಯಾರ ನೋಡಿದೆ ಕಣಪ್ಪ. ಎಂಟು ಹತ್ತು. ಈಗ ಹುಡುಗ ಅಲ್ಲಿ ಕೂತಿರುತ್ತಾನೆ ಎಂದುಕೊಂಡೆ, ಕೈನಡುಕ ನಿಂತಿತು" ಎಂದರು. ನಾನು ಏನು ಹೇಳಲಿ? "ಎಲ್ಲಾ ದೇವರ ದಯೆ ಸರ್" ಎಂದೆ. ಕೋಡುಬಳೆಯನ್ನು ಒಂದೂ ಬಿಡದೆ ತಿಂದೆ.

ಈ ವಿಷಯದಲ್ಲಿ ಒಂದು ದೊಡ್ಡ ಪರೀಕ್ಷೆ ನಡೆದಿದೆ, ಗೊತ್ತಾ? ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ಎಂಬ ಹೃದ್ರೋಗ ತಜ್ಞರ ಮುಂದಾಳತ್ವದಲ್ಲಿ ಮಾಡಿ 2006ರಲ್ಲಿ ಪ್ರಕಟಿಸಿದರು. ಆರು ಆಸ್ಪತ್ರೆಗಳು, 1,802 ಬೈಪಾಸ್ ರೋಗಿಗಳು. ಕ್ರೈಸ್ತ ಪ್ರಾರ್ಥನಾ ಗುಂಪುಗಳಿಗೆ ರೋಗಿಯ ಹೆಸರು ಮತ್ತು ಮನೆತನದ ಹೆಸರಿನ ಮೊದಲ ಅಕ್ಷರ ಮಾತ್ರ ಕೊಟ್ಟು ಹದಿನಾಲ್ಕು ದಿನ ಪ್ರಾರ್ಥಿಸಲು ಹೇಳಿದರು. ಇನಿಷಿಯಲ್ ಸಾಕು, ಉಳಿದದ್ದು ದೇವರಿಗೆ ಗೊತ್ತಾಗುತ್ತದೆ ಎಂಬ ನಂಬಿಕೆ ನನಗೆ ಬಹಳ ಹಿಡಿಸಿತು. "ನಿಮಗಾಗಿ ಪ್ರಾರ್ಥಿಸಬಹುದು, ಪ್ರಾರ್ಥಿಸದೆಯೂ ಇರಬಹುದು" ಎಂದು ಹೇಳಿಸಿಕೊಂಡವರು ಎರಡು ಗುಂಪು: ಪ್ರಾರ್ಥನೆ ಸಿಕ್ಕವರಲ್ಲಿ ನೂರಕ್ಕೆ 52 ಮಂದಿಗೆ ಏನಾದರೊಂದು ತೊಡಕಾಯಿತು, ಸಿಗದವರಲ್ಲಿ 51. ಮೂರನೆಯ ಗುಂಪಿಗೆ "ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಾರೆ" ಎಂದು ಹೇಳಿಯೇ ಪ್ರಾರ್ಥಿಸಿದರು. ಅವರಲ್ಲಿ 59! ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯೇ ಎಂದು ಗಾಬರಿಬಿದ್ದರೋ ಏನೋ.

ಆದರೆ ಆ ಪರೀಕ್ಷೆಯಲ್ಲಿ ಒಂದು ಗುಂಪು ಬಿಟ್ಟುಹೋಗಿತ್ತು. ಖಂಡಿತ ಪ್ರಾರ್ಥಿಸುತ್ತೇವೆ ಎಂದು ಮಾತು ಕೊಟ್ಟು, ಇಡ್ಲಿ ತಿನ್ನಲು ಹೋಗುವುದು. ಅಷ್ಟು ದೊಡ್ಡ ಸುಳ್ಳು ಹೇಳಲು ಅವರಿಗೆ ಮನಸ್ಸು ಒಪ್ಪಿರಲಿಕ್ಕಿಲ್ಲ. ಆ ನಾಲ್ಕನೆಯ ಗುಂಪನ್ನು ಹಾಸನದಲ್ಲಿ, ಒಬ್ಬನೇ ರೋಗಿಯ ಮೇಲೆ, ನಾನು ನಡೆಸಿ ಮುಗಿಸಿದೆ. ಫಲಿತಾಂಶ ಅತ್ಯುತ್ತಮ.

ಇದನ್ನೆಲ್ಲ ನಮ್ಮ ಫಾದರ್ ಹತ್ತಿರ ಹೇಳಿದೆ. ಪಾಪನಿವೇದನೆಯಲ್ಲಿ ಅಲ್ಲ, ಬಲಿಪೂಜೆ ಮುಗಿದ ಮೇಲೆ ಹೊರಗೆ ನಿಂತು. ನಿವೇದನೆ ಎಂದರೆ ಪ್ರಾಯಶ್ಚಿತ್ತ ಕೊಟ್ಟುಬಿಡುತ್ತಾರೆ. ಅವರು ಒಳ್ಳೆಯ ಹಳ್ಳಿಯ ಮನುಷ್ಯ. ಬೈಬಲ್ಲಿನ ಯಕೋಬನ ಪತ್ರದಲ್ಲಿ ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ, ವಿಶ್ವಾಸದ ಪ್ರಾರ್ಥನೆ ಅವನನ್ನು ಎಬ್ಬಿಸುತ್ತದೆ ಎಂದು ಬರೆದಿರುವುದು ನಿಜ ಎಂದರು. ಅದರ ಪಕ್ಕದಲ್ಲೇ ಪ್ರೇಷಿತ ಪೌಲನನ್ನೂ ಇಟ್ಟುಕೋ ಎಂದರು. ಮೈಯಲ್ಲಿ ನಾಟಿದ ಮುಳ್ಳು ತೆಗೆ ಎಂದು ಪೌಲ ಮೂರು ಸಲ ಬೇಡಿದ. ಸಿಕ್ಕ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು. ಮುಳ್ಳು ಅಲ್ಲೇ ಉಳಿಯಿತು. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದೆ ಎಂದು ಅದೇ ಪೌಲ ಬರೆಯುತ್ತಾನೆ. ಶಿಷ್ಯ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎನ್ನುತ್ತಾನೆ. ಇದು ನನ್ನ ಅಂಗಡಿಯಲ್ಲಿ ನಾನು ಕೊಡುವ ಸಲಹೆಗಿಂತ ಹೆಚ್ಚಿನದೇನಲ್ಲ. ನಮ್ಮ ಬೈಬಲ್ಲಿನಲ್ಲಿ ಸಿರಾಖನೂ ಇದ್ದಾನೆ: ಮದ್ದನ್ನು ಮಣ್ಣಿನಿಂದ ಹುಟ್ಟಿಸಿದವನು ದೇವರೇ, ಬುದ್ಧಿವಂತ ಅದನ್ನು ಹಳಿಯುವುದಿಲ್ಲ ಎನ್ನುತ್ತಾನೆ. ಇನ್ನೂರು ವರ್ಷದ ಹಿಂದೆ ನಮ್ಮ ಮೈಸೂರು ಸೀಮೆಯಲ್ಲಿ ಓಡಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಸಿಡುಬಿನ ವಿರುದ್ಧ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ. ಪ್ರಾರ್ಥನೆ ಬಿಟ್ಟು ಹಾಕಿಸಲಿಲ್ಲ, ಪ್ರಾರ್ಥನೆಯೇ ಸಾಕೆಂದು ಕೂರಲೂ ಇಲ್ಲ.

ಇಲ್ಲಿಗೆ ನಿನ್ನ ಪ್ರಶ್ನೆಗೆ ಉತ್ತರವಾಯಿತು ಎಂದು ಮುಗಿಸಬೇಕೆಂದಿದ್ದೆ. ಆದರೆ ಅವ್ವನ ವಿಷಯ ಬರೆಯದೆ ಇದನ್ನು ಕಳಿಸಿದರೆ ಮೇಷ್ಟ್ರಿಗೆ ಹೇಳಿದ ಸುಳ್ಳನ್ನೇ ನಿನಗೂ ಹೇಳಿದ ಹಾಗೆ.

ಅವ್ವ ಶೆಟ್ಟಿಹಳ್ಳಿಯವಳು ಎಂದು ನಿನಗೆ ಗೊತ್ತು. ಅವಳಿಗೆ ಜ್ಞಾನಸ್ನಾನವಾದ ಗುಡಿ, ಅಂದರೆ ಅಲ್ಲಿಯ ಚರ್ಚು, ಈಗ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಮದುವೆ ಜೋಡಿಗಳ ಫೋಟೋದಲ್ಲಿ ನಿಲ್ಲುತ್ತದೆ. ಊರೇ ಮುಳುಗಿದರೂ ಗುಡಿ ನಿಂತಿದೆ ನೋಡು ಎನ್ನುತ್ತಿದ್ದಳು. ಛಾವಣಿ ಹೋಗಿದೆಯಲ್ಲವ್ವ ಎಂದರೆ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಅವಳಿಗೆ ರಕ್ತದೊತ್ತಡ. ಹದಿನೈದು ಮಾತ್ರೆಯ ಶೀಟನ್ನು ನಾನೇ ಕೊಡುತ್ತಿದ್ದೆ, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಪಕ್ಕದ ಮನೆಯವರ ಜೊತೆ ಒಂದು ಸಂಜೆ ಯಾವುದೋ ಮೈದಾನದ ಶಾಮಿಯಾನಕ್ಕೆ ಹೋದಳು. ಹೊರಗಿನಿಂದ ಬಂದ ಬೋಧಕ, ಪ್ರಾರ್ಥಿಸಿ ಕಾಯಿಲೆ ವಾಸಿಮಾಡುತ್ತೇನೆ ಎನ್ನುವವನು. ಫ್ರಾನ್ಸಿನ ಲೂರ್ದು ಎಂಬ ತೀರ್ಥಕ್ಷೇತ್ರದಲ್ಲಿ 1858ರಿಂದ ಈಚೆಗೆ ಸಾವಿರಾರು ಮಂದಿ ವಾಸಿಯಾಯಿತೆಂದು ಬಂದು ಹೇಳಿದ್ದರೂ, ವೈದ್ಯರು ತಪಾಸಣೆ ಮಾಡಿದ ಮೇಲೆ ಧರ್ಮಸಭೆ ಪವಾಡವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು. ಈ ಬೋಧಕ ಆ ಲೆಕ್ಕವನ್ನು ರಾತ್ರಿ ಊಟಕ್ಕೆ ಮೊದಲೇ ದಾಟಿದನಂತೆ. ಗುಳಿಗೆಯ ಮೇಲೆ ನಂಬಿಕೆಯೋ ದೇವರ ಮೇಲೆ ನಂಬಿಕೆಯೋ ಎಂದು ಕೇಳಿದನಂತೆ. ಅವ್ವ ಮನೆಗೆ ಬಂದವಳು ಹಾಡು ಹೇಳಿಕೊಂಡು ರೊಟ್ಟಿ ತಟ್ಟಿದಳು. ಅಪ್ಪ ಹೋದ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಶೀಟು ಕೊಟ್ಟ ಒಂಬತ್ತನೆಯ ದಿನ ಡಬ್ಬಿ ತೆಗೆದು ನೋಡಿದೆ. ಆರು ಮಾತ್ರೆ ಉಳಿದಿರಬೇಕಿತ್ತು, ಹನ್ನೆರಡಿದ್ದವು. ಆರು ದಿನದಿಂದ ನುಂಗಿಲ್ಲ. ಕೂರಿಸಿ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿದೆ. 138, 86. ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಚೆನ್ನಾಗಿದೆ ಎಂದೆ.

ಹತ್ತೂಕಾಲು, ಆ ಮಾತ್ರೆ ಬಿಟ್ಟ ಮೇಲೂ ಕೆಲವು ದಿನ ರಕ್ತದಲ್ಲಿ ಉಳಿದು ಕೆಲಸ ಮಾಡುತ್ತದೆ. ಇದು ನನಗೆ ಗೊತ್ತು, ಇದನ್ನು ತಿಳಿಯುವುದೇ ನನ್ನ ಕಸುಬು. ಆದರೂ ಡಬ್ಬಿ ಮುಚ್ಚಿ ಇದ್ದಲ್ಲೇ ಇಟ್ಟೆ. ಅವಳ ಸಂತೋಷ ಕೆಡಿಸಬಾರದು ಎಂದು ಸುಮ್ಮನಿದ್ದೆ ಎಂದು ತಂಗಿಗೆ ಹೇಳಿದ್ದೇನೆ, ಹೆಂಡತಿಗೆ ಹೇಳಿದ್ದೇನೆ. ಅದು ಅರ್ಧ. ಇನ್ನರ್ಧ ಏನೆಂದರೆ, ನೋಡೋಣ ಎಂದುಕೊಂಡೆ. ನಿಜವಾಗಿಯೂ ಆಗುತ್ತದೆಯೇ ನೋಡೋಣ. ದೇವರನ್ನು ಪರೀಕ್ಷಿಸಬೇಡ ಎಂದು ಯೇಸುಸ್ವಾಮಿ ಸೈತಾನನಿಗೆ ಹೇಳಿದ ಮಾತನ್ನು ಮೂರನೆಯ ತರಗತಿಯ ಧರ್ಮೋಪದೇಶದಲ್ಲೇ ಬಾಯಿಪಾಠ ಮಾಡಿದವನು ನಾನು. ಪರೀಕ್ಷೆಗೆ ಅವ್ವನನ್ನೇ ಇಟ್ಟೆ.

ಐದನೆಯ ದಿನ ಬೆಳಿಗ್ಗೆ ಲಕ್ವ ಹೊಡೆಯಿತು. ಮಾತ್ರೆ ನುಂಗಿದ್ದರೂ ಆಗಬಹುದಿತ್ತು ಎಂದರು ಡಾಕ್ಟರು. ಅವರು ಒಳ್ಳೆಯವರು.

ಎಡಭಾಗ ಹೋಯಿತು. ಆಮೇಲೆ ಎರಡು ವರ್ಷ ಇದ್ದಳು. ಅವರೆಕಾಯಿ ಕಾಲದಲ್ಲಿ ತಟ್ಟೆಯ ಅಂಚಿಗೆ ಕಾಯಿಯನ್ನು ಒತ್ತಿ ಹಿಡಿದು ಒಂದೇ ಕೈಯಲ್ಲಿ ಹೆಬ್ಬೆರಳಿನಿಂದ ಸೀಳುತ್ತಿದ್ದಳು. ಅರ್ಧ ಕಾಳು ನೆಲಕ್ಕೆ ಹಾರುತ್ತಿದ್ದವು, ಬೈದುಕೊಂಡು ಮತ್ತೆ ಒಂದು ಕಾಯಿ ಎತ್ತಿಕೊಳ್ಳುತ್ತಿದ್ದಳು. ನೋಡಲು ಬಂದವರಿಗೆಲ್ಲ, "ಪ್ರಾರ್ಥನೆಯಿಂದಲೇ ಕಣ್ರೀ, ಬಲಗೈ ಉಳಿಯಿತು, ಜಪಸರ ಹಿಡಿಯುವ ಕೈ" ಎನ್ನುತ್ತಿದ್ದಳು. ಮಾತ್ರೆಯನ್ನು ಮಾತ್ರ ಮತ್ತೆಂದೂ ಬಿಡಲಿಲ್ಲ. ಅಂಗೈಯಲ್ಲಿಟ್ಟುಕೊಂಡರೆ ಶಿಲುಬೆಯ ಗುರುತು ಹಾಕಲು ಇನ್ನೊಂದು ಕೈ ಇಲ್ಲವಲ್ಲ, ಹಾಗಾಗಿ ತಟ್ಟೆಯಲ್ಲಿಟ್ಟು, ಅದರ ಮೇಲೆ ಗುರುತು ಹಾಕಿ, ಆಮೇಲೆ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಡಬ್ಬಿ ತೆಗೆದು ನೋಡಿದ್ದೆ ಎಂದು ನಾನು ಅವಳಿಗೆ ಹೇಳಲೇ ಇಲ್ಲ. ಆಗಿನಿಂದ ಯಾರ ಕಾಯಿಲೆಗೂ ನನಗೆ ಬೇಡಲು ಆಗುತ್ತಿಲ್ಲ. ಮೇಷ್ಟ್ರನ್ನು ಮರೆತೆ ಎಂದೆನಲ್ಲ, ಮರೆಯದಿದ್ದರೂ ಇಡ್ಲಿಯನ್ನೇ ತಿನ್ನುತ್ತಿದ್ದೆ.

ನೋಡು, ಒಂದು ಸಾಲಿನ ಪ್ರಶ್ನೆಗೆ ಎಷ್ಟು ಬರೆಸಿದೆ. ಇದನ್ನು ಅಳಿಸಿ "ಎಲ್ಲಾ ಒಳ್ಳೆಯದಾಗುತ್ತದೆ" ಎಂದು ಹಾಕಬೇಕೆಂದು ಎರಡು ಸಲ ಅನಿಸಿತು. ನನ್ನ ಮಗಳು ಇದನ್ನು ಓದಿ, ಅಪ್ಪ ಕೆಳಗೆ ಅಂಗಡಿಯ ವಿಳಾಸವನ್ನೂ ಹಾಕು, ಕರುಣೆಗಾದರೂ ನಾಲ್ಕು ಜನ ಬರುತ್ತಾರೆ ಎಂದಳು. ವ್ಯಾಪಾರದ ಬುದ್ಧಿ ತಾಯಿಯ ಕಡೆಯಿಂದ ಬಂದದ್ದು.

ನಿನ್ನೆ ರಾತ್ರಿ ಷಟರ್ ಎಳೆದ ಮೇಲೆ ಸ್ಟೂಲಿನ ಮೇಲೆ ಕೂತೆ. ವಾಸಿಮಾಡು ಎನ್ನಲು ಬಾಯಿ ಬರಲಿಲ್ಲ. ಅಣ್ಣನ ಹೆಸರು ಹೇಳಿದೆ. ಇನಿಷಿಯಲ್ ಸಮೇತ. ಎರಡು ಸಲ ಹೇಳಿದೆ, ಮೊದಲನೆಯ ಸಲ ಗಂಟಲು ಸರಿಯಿರಲಿಲ್ಲ. ಮೇಷ್ಟ್ರದ್ದೂ ಹೇಳಿದೆ, ವರ್ಷ ತಡವಾಗಿ, ಬಾಕಿ ಬಾಕಿಯೇ. ಅಷ್ಟೇ ಮಾಡಿದ್ದು. ಅಣ್ಣನಿಗೆ ಮಾತ್ರ ಇದನ್ನು ತೋರಿಸಬೇಡ, ಗೊತ್ತಾದರೆ ಆ 59ರ ಗುಂಪಿಗೆ ಸೇರಿಬಿಡುತ್ತಾರೆ. ಊರಿಗೆಲ್ಲ ಕಾಣುವ ಹಾಗೆ ಹಾಕಿ ಗುಟ್ಟು ಎನ್ನುತ್ತಾನಲ್ಲ ಎಂದು ನೀನು ನಗುತ್ತೀಯ, ನಗು.

ಭಾನುವಾರ ಬರುತ್ತೇನೆ. ಅಣ್ಣ ಕದ್ದು ನೀರು ಕುಡಿಯುತ್ತಾರೆ ಎಂದೆಯಲ್ಲ, ಎಷ್ಟು ಕುಡಿಯಬಹುದು ಎಂದು ಅವರ ಡಾಕ್ಟರನ್ನೇ ಕೇಳಿ, ಬೆಳಿಗ್ಗೆಯೇ ಅಷ್ಟನ್ನು ಒಂದು ಬಾಟಲಿಗೆ ಅಳೆದಿಡು. ಫಾಸ್ಫೇಟಿಗೆ ಕೊಟ್ಟಿರುವ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಊಟವಾಗಿ ಎಲೆ ಅಡಿಕೆ ಮುಗಿದ ಮೇಲೆ ಅಲ್ಲ. ಮತ್ತೆ, ಮಾತ್ರೆಯ ಡಬ್ಬಿಯನ್ನು ಅವರ ಹತ್ತಿರ ಬಿಡಬೇಡ, ದಿನವೂ ನೀನೇ ಎಣಿಸು.

ಇಂತಿ ನಿನ್ನ,
ಸ್ತೋತ್ರ